ಗೆರೆಯವರೆಗೆ ನೀರು

ನಮ್ಮತ್ತೆಯವರ ಅಡಿಗೆಮನೆಯಲ್ಲಿ ಅಳತೆ ಎಂದರೆ ಕೈಯಳತೆ. "ಉಪ್ಪು ಎಷ್ಟು ಹಾಕಲಿ ಅತ್ತೆ?" ಎಂದರೆ "ಹಿಡಿಸುವಷ್ಟು" ಎನ್ನುತ್ತಿದ್ದರು. ಎಷ್ಟು ಹಿಡಿಸುತ್ತದೆಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು. ಅಂಥ ನನ್ನನ್ನು ಹೋದ ವರ್ಷ, ಐವತ್ತಮೂರನೆಯ ವಯಸ್ಸಿನಲ್ಲಿ, ಶಾಲೆಯ ಪ್ರಯೋಗಾಲಯಕ್ಕೆ ತಳ್ಳಿದರು. ವಿಜ್ಞಾನದ ಮೇಡಂ ಹೆರಿಗೆ ರಜೆ ಹಾಕಿ ತವರಿಗೆ ಹೋಗಿದ್ದರು. ಬದಲಿಗೆ ಯಾರೂ ಬಂದಿರಲಿಲ್ಲ. "ನೀವು ಅಚ್ಚುಕಟ್ಟು, ನೋಡಿಕೊಳ್ಳಿ" ಎಂದರು ಹೆಡ್‌ಮಾಸ್ಟರು. ನಾನೋ ಬಿ.ಎ., ಬಿ.ಎಡ್. ಮಾಡಿದ ಕನ್ನಡದ ಟೀಚರು. ಷಟ್ಪದಿಗೆ ಮಾತ್ರೆ ಎಣಿಸಿ ಗೊತ್ತೇ ಹೊರತು ಗ್ರಾಂ ಲೆಕ್ಕದಲ್ಲಿ ತೂಗಿ ಗೊತ್ತಿಲ್ಲ.

ಆದರೂ ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ನನಗೆ ಒಳ್ಳೆಯ ಅಂಕ ಬಂದಿತ್ತು. ಊರಿನ ಕಾಲೇಜಿನಲ್ಲಿ ಆಗ ಇದ್ದದ್ದು ಆರ್ಟ್ಸ್ ಒಂದೇ. ಸೈನ್ಸ್ ಬೇಕಿದ್ದರೆ ಮೂವತ್ತು ಕಿಲೋಮೀಟರ್ ಬಸ್ಸು. "ಬಸ್ಸಿನಲ್ಲಿ ಓಡಾಡಿ ಏನಾಗಬೇಕಾಗಿದೆ?" ಎಂದರು ಅಪ್ಪ. ಅಲ್ಲಿಗೆ ಮುಗಿಯಿತು.

ಮೇಡಂ ಒಂದು ನೋಟ್‌ಬುಕ್ ಬಿಟ್ಟು ಹೋಗಿದ್ದರು. "ಸೋಡಿಯಂ ಹೈಡ್ರಾಕ್ಸೈಡ್, ಒಂದು ಮೋಲಾರ್: 40 ಗ್ರಾಂ, 1 ಲೀಟರ್" ಎಂದಿತ್ತು. ಇದೇನು ಮಹಾ ಎಂದುಕೊಂಡು ಒಂದು ಲೀಟರ್ ಡಿಸ್ಟಿಲ್ಡ್ ವಾಟರ್ ಅಳೆದೆ, 40 ಗ್ರಾಂ ತೂಗಿ ಹಾಕಿದೆ. ತೂಗುವಷ್ಟರಲ್ಲೇ ಆ ಬಿಳಿ ಗುಂಡುಗಳು ಬೆವರತೊಡಗಿದ್ದವು. ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತವಂತೆ. ಹೆಮ್ಮೆಯಿಂದ ಮೇಡಂಗೆ ಫೋನ್ ಮಾಡಿದೆ. ಮಗು ಅಳುವ ಸದ್ದಿನ ನಡುವೆ ಆಕೆ ನಕ್ಕುಬಿಟ್ಟರು. "ಒಂದು ಲೀಟರ್ ನೀರಿಗೆ ಹಾಕೋದಲ್ಲ ಮೇಡಂ, ಹಾಕಿದ್ದೂ ಸೇರಿ ಒಂದು ಲೀಟರ್ ಆಗಬೇಕು."

ಆ ವ್ಯತ್ಯಾಸ ತಲೆಗೆ ಹೋಗಲು ಒಂದು ರಾತ್ರಿ ಹಿಡಿಯಿತು. ಮೊದಲು ಬೀಕರಿನಲ್ಲಿ ಸ್ವಲ್ಪವೇ ನೀರಿನಲ್ಲಿ ಕರಗಿಸಬೇಕು. ಒಲೆಯಿಲ್ಲದೆ ತಾನೇ ಬಿಸಿಯಾಗುತ್ತದೆ, ಬೀಕರು ಮುಟ್ಟಲಾಗುವುದಿಲ್ಲ. ಬಿಸಿಯಲ್ಲಿ ಅಳತೆ ಹಿಗ್ಗುವುದರಿಂದ ಆರುವವರೆಗೆ ಕಾಯಬೇಕು. ಆಮೇಲೆ ಉದ್ದ ಕತ್ತಿನ ಫ್ಲಾಸ್ಕಿಗೆ ಬಗ್ಗಿಸಿ, ಹಾಲಿನ ಪಾತ್ರೆ ತೊಳೆದ ನೀರನ್ನು ಕಾಫಿಗೆ ಹಾಕುತ್ತೇವಲ್ಲ, ಹಾಗೆ ಬೀಕರು ತೊಳೆದ ನೀರನ್ನೂ ಅದಕ್ಕೇ ಸೇರಿಸಬೇಕು. ಕತ್ತಿನಲ್ಲಿ ಒಂದೇ ಒಂದು ಗೆರೆ. ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಹನಿಹನಿಯಾಗಿ ನೀರು ಬಿಡಬೇಕು. ನೀರಿನ ಬಾಗಿದ ತಳ ಗೆರೆಯ ಮೇಲೆ ಕೂರಬೇಕು. ಮೀರಿತೋ, ಕೆಟ್ಟಿತು. ಸಾರಿಗೆ ಉಪ್ಪು ಜಾಸ್ತಿಯಾದರೆ ಇಷ್ಟು ನೀರು ಬೆರೆಸಿ ಬಚಾವಾಗಬಹುದು. ಇಲ್ಲಿ ಹೆಚ್ಚಾದ ನೀರನ್ನು ತೆಗೆಯಹೋದರೆ ಅದರ ಜೊತೆ ಕರಗಿದ್ದೂ ಹೋಗುತ್ತದೆ. ನಾನು ಎರಡು ಸಲ ಚೆಲ್ಲಿದೆ. ಮೂರನೆಯದು ಕೂತಿತು. ಬಾಟಲಿಗೆ ಲೇಬಲ್ ಅಂಟಿಸಿ ನನ್ನ ದುಂಡು ಅಕ್ಷರದಲ್ಲಿ ಹೆಸರು, ತಾರೀಕು ಬರೆದೆ.

ಹಾಗೆ ಧೈರ್ಯ ಬಂದದ್ದೇ ತಪ್ಪಾಯಿತು. ಮಾರನೆಯ ವಾರ ಸಲ್ಫ್ಯೂರಿಕ್ ಆಸಿಡ್ ತೆಳುಮಾಡಬೇಕಿತ್ತು. ಗಟ್ಟಿ ಆಸಿಡ್ಡನ್ನು ಬೀಕರಿಗೆ ಹಾಕಿಟ್ಟು, ಗಟ್ಟಿ ಸಾಂಬಾರಿಗೆ ನೀರು ಹುಯ್ಯುವಂತೆ ಮಗ್ಗು ಎತ್ತಿದೆ. ಪಕ್ಕದಲ್ಲಿ ಪ್ರನಾಳ ತೊಳೆಯುತ್ತಿದ್ದ ಹತ್ತನೆಯ ತರಗತಿಯ ಹುಡುಗಿ ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು.

"ಮಿಸ್, ನೀರಿಗೆ ಆಸಿಡ್! ಆಸಿಡ್‌ಗೆ ನೀರಲ್ಲ!"

ಆಸಿಡ್ ಭಾರ, ನೀರು ಹಗುರ. ಮೇಲೆ ಬಿದ್ದ ನೀರು ಅಲ್ಲೇ ಕುದಿದು ಆಸಿಡ್ಡನ್ನೂ ಹೊತ್ತು ಸಿಡಿಯುತ್ತದೆ. ಅವಳ ಮುಖ ಬೀಕರಿನಿಂದ ಒಂದು ಗೇಣಿತ್ತು. ಕೈನಡುಕಕ್ಕೆ ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಆಮೇಲೆ ಅವಳು ಪಕ್ಕದಲ್ಲಿ ನಿಂತು ಹೇಳಿದಳು, ನಾನು ಮಾಡಿದೆ: ಗಾಜಿನ ಕಡ್ಡಿಯ ಗುಂಟ ಸಣ್ಣ ಧಾರೆ, ಕಲಕುತ್ತಾ, ನಿಲ್ಲಿಸುತ್ತಾ.

"ಪಿಯುಸಿಗೆ ಸೈನ್ಸ್ ತಾನೇ?" ಎಂದೆ.

ಅವಳು ಮತ್ತೆ ಪ್ರನಾಳ ತೊಳೆಯತೊಡಗಿದಳು. "ಅಪ್ಪ ಆರ್ಟ್ಸ್ ಅಂದಿದಾರೆ ಮಿಸ್. ಸೈನ್ಸ್ ಕಾಲೇಜು ದೂರ, ಬಸ್ಸು."

ಭಾನುವಾರ ಅವರ ದಿನಸಿ ಅಂಗಡಿಗೆ ಹೋದೆ. ಮಣಿಕಟ್ಟು ಹಿಡಿದ ಕತೆ ಹೇಳಿದೆ. ನನ್ನ ಅಪ್ಪನ ಮಾತನ್ನೂ ಹೇಳಿದೆ, ಮನೆಯವರಿಗೂ ಎಂದೂ ಹೇಳಿಕೊಂಡಿರಲಿಲ್ಲ. ಅವರು ಬೇಳೆ ತೂಗುತ್ತಿದ್ದರು. "ಹೆಣ್ಣುಹುಡುಗಿ ಮೇಡಂ. ನೀವೂ ತಾಯಿ, ನಿಮಗೆ ಗೊತ್ತಿಲ್ಲದ್ದೇನು" ಎಂದರು. ಸಿಟ್ಟು ಬರಲಿಲ್ಲ, ಆ ಹೆದರಿಕೆ ನನಗೂ ಗೊತ್ತು. "ಗೊತ್ತು. ಆದರೂ ಕಳಿಸಿ" ಎಂದೆ. "ನೋಡೋಣ" ಎಂದು ಇನ್ನೊಂದು ಹಿಡಿ ಬೇಳೆ ಹಾಕಿದರು. ಅವರ ಮನೆಯವರು ಕೊಟ್ಟ ಕಾಫಿ ಪಾಕದಂತಿತ್ತು. ಸಕ್ಕರೆ ಕಾಯಿಲೆಯವಳು ನಾನು, ಲೋಟ ಖಾಲಿ ಮಾಡಿ ಎದ್ದೆ.

ವಿಜ್ಞಾನದ ಮೇಡಂ ರಜೆ ಮುಗಿಸಿ ಬಂದವರೇ ನನ್ನ ಬಾಟಲಿಯನ್ನು ಸಿಂಕಿಗೆ ಸುರಿದರು. ಆ ದ್ರಾವಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಬಲಗುಂದುತ್ತದೆ, ಹೊಸದೇ ಮಾಡಬೇಕು ಎಂದರು. ಲೇಬಲ್ ಮಾತ್ರ ಕೀಳಲು ಬರದೆ, ತಾರೀಕು ತಿದ್ದಿ ಹಾಗೇ ಬಿಟ್ಟರು.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಹಾಲು ತರಲು ಹೋಗಿದ್ದೆ. ಏಳು ಗಂಟೆಯ ಬಸ್ಸು ಸರ್ಕಲ್‌ನಲ್ಲಿ ತಿರುಗುತ್ತಿತ್ತು. ಅವಳಿಗೆ ಸೀಟು ಸಿಕ್ಕಿರಲಿಲ್ಲ. ಬ್ಯಾಗು ಎದೆಗವಚಿ, ಕಂಬಿ ಹಿಡಿದು ನಿಂತಿದ್ದಳು.