ಮೂಕಚಿತ್ರವೂ ಹಾರ್ಮೋನಿಯಮ್ಮೂ

ಮೂಕಚಿತ್ರವೆಂದರೆ ಸದ್ದೇ ಇಲ್ಲದ ಚಿತ್ರವೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿರುವುದುಂಟು. ಇದು ಪೂರ್ಣ ನಿಜವಲ್ಲ. ಚಿತ್ರಕ್ಕೆ ಮಾತಿರಲಿಲ್ಲ, ಆದರೆ ಚಿತ್ರಮಂದಿರದಲ್ಲಿ ಸಂಗೀತವಿರುತ್ತಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಪಿಯಾನೋ, ನಮ್ಮಲ್ಲಿ ಹಾರ್ಮೋನಿಯಂ ತಬಲಾಗಳೊಡನೆ ವಾದಕರು ತೆರೆಯ ಬಳಿ ಕುಳಿತಿರುತ್ತಿದ್ದರು. ತೆರೆಯ ಮೇಲಿನವನು ಓಡಿದರೆ ಇವರ ಬೆರಳುಗಳೂ ಓಡಬೇಕು; ಅವನು ಜಾರಿ ಬಿದ್ದರೆ ಅದೇ ಕ್ಷಣಕ್ಕೆ ತಬಲಾದ ಪೆಟ್ಟೂ ಬೀಳಬೇಕು. 1931ರಲ್ಲಿ ‘ಆಲಂ ಆರಾ’ ಬಂದು ನಮ್ಮ ದೇಶದ ಚಿತ್ರಗಳು ಮಾತನಾಡತೊಡಗಿದ ಮೇಲೆ ಈ ವಾದಕರ ಉದ್ಯೋಗವು ಕ್ರಮೇಣ ಮರೆಯಾಯಿತು.

ನಾವು ವಾಸಿಸುವ ಹೈದರಾಬಾದಿಗೂ ಆ ಕಾಲದ ನಂಟುಂಟು. ವಂಗದೇಶದ ಧೀರೇಂದ್ರನಾಥ ಗಂಗೂಲಿಯವರು ಇಲ್ಲಿನ ಕಲಾಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದವರು. ವಿಲಾಯಿತಿಯಿಂದ ಮರಳಿ ಬಂದವನ ಠೀವಿಯನ್ನು ಹಾಸ್ಯ ಮಾಡುವ ‘ಬಿಲಾತ್ ಫೇರತ್’ ಎಂಬ 1921ರ ಮೂಕಚಿತ್ರದಲ್ಲಿ ಅವರು ಮುಖ್ಯ ಪಾತ್ರ ವಹಿಸಿದರು. ಬಳಿಕ ಹೈದರಾಬಾದಿನಲ್ಲಿಯೇ ಲೋಟಸ್ ಫಿಲ್ಮ್ ಕಂಪನಿಯನ್ನು ಕಟ್ಟಿದರು. ಆದರೆ 1924ರಲ್ಲಿ ‘ರಝಿಯಾ ಬೇಗಂ’ ಚಿತ್ರದ ಕಾರಣದಿಂದ ನಿಜಾಮರ ಅಸಮಾಧಾನಕ್ಕೆ ಗುರಿಯಾಗಿ ಈ ನಗರವನ್ನೇ ಬಿಡಬೇಕಾಯಿತು. ನಗಿಸುವವನ ಬಾಳೂ ಸುಗಮವಲ್ಲ.

ಈ ಸಂಗತಿಗಳನ್ನು ಓದಿದ ಮೇಲೆ, ಗಚ್ಚಿಬೌಲಿಯಲ್ಲಿ ನಮ್ಮ ಮನೆಯ ಸಮೀಪದ ಕೂಲಿಕಾರರ ವಸತಿಯಲ್ಲಿ ಅಂಥದೊಂದು ಪ್ರದರ್ಶನವನ್ನು ಏರ್ಪಡಿಸಬೇಕೆಂಬ ಆಸೆ ನನಗುಂಟಾಯಿತು. ಮುಗಿಲೆತ್ತರದ ಕಟ್ಟಡಗಳನ್ನು ಕಟ್ಟುವ ಜನ ಅಲ್ಲಿ ತಗಡಿನ ಮನೆಗಳಲ್ಲಿರುತ್ತಾರೆ. ನನ್ನಂತೆಯೇ ಕಲಬುರಗಿ, ಯಾದಗಿರಿಗಳ ಕಡೆಯಿಂದ ಬಂದವರುಂಟು; ಪಾಲಮೂರಿನವರೂ ಒಡಿಶಾದವರೂ ಉಂಟು. ಅವರ ಮಕ್ಕಳು ತಮ್ಮ ತಮ್ಮ ಭಾಷೆಯವರೊಡನೆ ಮಾತ್ರ ಆಡುವುದನ್ನು ನಾನು ದಿನವೂ ಕಾಣುತ್ತಿದ್ದೆ.

ಗೆಳೆಯರು ಪ್ರೊಜೆಕ್ಟರನ್ನು ತಂದರು. ಬಿಳಿಯ ಪಂಚೆಯೇ ತೆರೆಯಾಯಿತು. ಭಜನೆಗೆ ಹಾರ್ಮೋನಿಯಂ ನುಡಿಸುವ ತೆಲುಗು ಹಿರಿಯರೊಬ್ಬರು ವಾದನಕ್ಕೆ ಒಪ್ಪಿದರು. ಚಾರ್ಲಿ ಚಾಪ್ಲಿನ್ನನ 1925ರ ‘ದಿ ಗೋಲ್ಡ್ ರಷ್’ ಚಿತ್ರವನ್ನು ತೋರಿಸಿದೆವು. ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ಓದಬಲ್ಲ ಮಕ್ಕಳು ವಿರಳ. ಯಾವ ಭಾಷೆಯಲ್ಲಿ ವಿವರಿಸಲೆಂದು ನಾನು ಯೋಚಿಸುತ್ತಿರುವಾಗಲೇ ಎಲ್ಲರೂ ಒಟ್ಟಿಗೆ ನಗತೊಡಗಿದ್ದರು!

ಹಿಮದ ನಡುವಿನ ಗುಡಿಸಲಲ್ಲಿ ಹಸಿದ ನಾಯಕನು ತನ್ನ ಬೂಟನ್ನೇ ಬೇಯಿಸಿ ತಿನ್ನುವ ದೃಶ್ಯ ಬಂದಿತು. ಅವನು ಅದರ ಮೊಳೆಗಳನ್ನು ಎಲುಬಿನಂತೆ ಚೀಪುತ್ತಾನೆ. ದಾರವನ್ನು ಶ್ಯಾವಿಗೆಯಂತೆ ಸುತ್ತಿ ನುಂಗುತ್ತಾನೆ. ಅಲ್ಲಿಯವರೆಗೆ ದ್ರುತಗತಿಯಲ್ಲಿ ನುಡಿಸುತ್ತಿದ್ದ ಹಿರಿಯರು, ಯಾರೂ ಹೇಳದೆಯೇ, ವಿಳಂಬಕ್ಕಿಳಿದರು. ಮಕ್ಕಳು ಬಿದ್ದುಬಿದ್ದು ನಗುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಏಳೆಂಟು ವರ್ಷದ ಬಾಲಕನೊಬ್ಬ ಮಾತ್ರ ನಗದೆ, ‘ಸರ, ಅವಂಗ ಆಮ್ಯಾಲರ ಊಟ ಸಿಗತದೇನ್ರಿ?’ ಎಂದು ಕೇಳಿದನು. ‘ಸಿಗತದಪ್ಪ, ಕಡೀಗಿ ಸಾಹುಕಾರ ಆಗತಾನ’ ಎಂದೆನು. ಅವನು ಆಗ ನಕ್ಕನು.

ಮರುದಿನ ಆ ಮಕ್ಕಳೆಲ್ಲ ಕೈಯಲ್ಲೊಂದು ಕಡ್ಡಿ ಹಿಡಿದು, ಪಾದಗಳನ್ನು ಅತ್ತಿತ್ತ ತಿರುಗಿಸಿ, ಒಂದೇ ಸಾಲಿನಲ್ಲಿ ಚಾಪ್ಲಿನ್ನನಂತೆ ನಡೆಯುತ್ತಿದ್ದರು.

ವಿದ್ಯಾರ್ಥಿಗಳೇ, ಈ ನಗರದಲ್ಲಿ ಕನ್ನಡ ಕಲಿತು ಏನು ಪ್ರಯೋಜನವೆಂದು ನಿಮ್ಮನ್ನು ಕೇಳುವವರಿದ್ದಾರೆ; ನನ್ನನ್ನೂ ಕೇಳಿದ್ದಾರೆ. ಜೊತೆಗೂಡಿ ನಗುವುದಕ್ಕೆ ಭಾಷೆ ಬೇಕಾಗದಿರಬಹುದು. ಆದರೆ ಆ ಬಾಲಕನಿಗೆ ತನ್ನ ಮನಸ್ಸಿನ ಕಳವಳವನ್ನು ಕೇಳಲು ತನ್ನ ಮಾತು ಬೇಕಾಯಿತು. ಅದೇ ಮಾತಿನಲ್ಲಿ ಉತ್ತರ ಕೊಡುವವನೊಬ್ಬನೂ ಬೇಕಾದನು. ನೀವು ಕಲಿಯುತ್ತಿರುವುದು ಅದಕ್ಕಾಗಿ.