ಚೆಂಡು ಯಾರ ಮಾತು ಕೇಳುತ್ತದೆ?

ಗಾಲ್ಫ್ ಆಟದ ವಿಷಯವಾಗಿ ಈ ಮೇಷ್ಟ್ರು ಏಕೆ ಬರೆಯುತ್ತಿದ್ದಾರೆಂದು ನಿಮಗೆ ಸೋಜಿಗವಾಗಬಹುದು. ನಾನು ಆ ಆಟವನ್ನು ಒಮ್ಮೆಯೂ ಆಡಿದವನಲ್ಲ. ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ ಇದೆಯಾದರೂ ನಮ್ಮಂಥವರ ಪಾಲಿಗೆ ಅದು ಬೇಲಿಯಾಚೆಯ ಹಸಿರು ಮಾತ್ರ. ಆದರೆ ನನ್ನ ಬಳಿ ಓದಿದ ಕೆಲವು ಹುಡುಗರು ಅಂಥ ಬೇಲಿಗಳ ಒಳಗೆ ಹೋದರು. ಆಡುವುದಕ್ಕಲ್ಲ, ಆಡುವವರ ಚೀಲ ಹೊರುವುದಕ್ಕೆ.

ಅವರಲ್ಲೊಬ್ಬ, ಹತ್ತನೆಯ ತರಗತಿ ಮುಗಿಸಿ ಕ್ಯಾಡಿಯಾಗಿದ್ದವನು, ತೊಂಬತ್ತರ ದಶಕದ ಒಂದು ಭಾನುವಾರ ನಮ್ಮ ಮನೆಗೆ ಬಂದ. ಹಿಂದಿನ ವಾರ ಸದಸ್ಯರೊಬ್ಬರ ಚೆಂಡಿಗೂ ಬಾವುಟಕ್ಕೂ ನಡುವೆ ಸರಿಯಾಗಿ ಒಂದು ಮರ ಅಡ್ಡ ನಿಂತಿತ್ತಂತೆ. ಚೆಂಡನ್ನು ಮರದ ಬಲಕ್ಕೆ ಹೊರಡಿಸಿ ಎಡಕ್ಕೆ ಬಾಗಿಸಬೇಕು. ಅವರು ಕಲಿತ ಸೂತ್ರ ಹೀಗಿತ್ತು: ಕ್ಲಬ್ಬನ್ನು ಮರದ ಬಲದಿಕ್ಕಿಗೆ ಬೀಸು, ಕ್ಲಬ್ಬಿನ ಮುಖ ಮಾತ್ರ ಬಾವುಟವನ್ನು ನೋಡುತ್ತಿರಲಿ, ಚೆಂಡು ಬೀಸಿದ ದಾರಿಯಲ್ಲಿ ಹೊರಟು ಮುಖ ನೋಡುವ ಕಡೆಗೆ ಬಾಗುತ್ತದೆ. ಹುಡುಗ ತಡೆಯಲಾರದೆ, "ಸಾರ್, ಮುಖ ಹಾಗಿಟ್ಟರೆ ಚೆಂಡು ಮರಕ್ಕೇ ಬಡಿಯುತ್ತದೆ" ಎಂದ. ಬಡಿಯಿತು. ಅಪಶಕುನ ನುಡಿದನೆಂದು ಅವನನ್ನು ಹದಿನೈದು ದಿನ ಕೆಲಸಕ್ಕೆ ಬರಬೇಡವೆಂದರು. ದಿನದ ದುಡಿಮೆಯಿಂದ ಒಲೆ ಉರಿಯುವ ಮನೆಗೆ ಹದಿನೈದು ದಿನ ಅಲ್ಪವಲ್ಲ. ಆದರೂ ಅವನು ಅಳಲು ತೋಡಿಕೊಳ್ಳಲು ಬಂದಿರಲಿಲ್ಲ. "ಸಾರ್, ನಾನು ದಿನಾ ಕಣ್ಣಾರೆ ನೋಡುವುದು ನಿಜವೋ, ಅವರ ಪುಸ್ತಕ ನಿಜವೋ?" ಎಂದು ಕೇಳಿದ. ಮೂವತ್ತು ವರ್ಷ ಪಾಠ ಹೇಳಿದರೂ ಇಂಥ ಪ್ರಶ್ನೆ ಕೇಳುವವರು ಸಿಗುವುದು ಬೆರಳೆಣಿಕೆಯಷ್ಟು.

ಅಂಗಳದಲ್ಲಿ ನನ್ನ ಮಗನ ಕ್ರಿಕೆಟ್ ಬ್ಯಾಟೂ ಒಂದು ಟೆನಿಸ್ ಚೆಂಡೂ ಇದ್ದವು. ಬ್ಯಾಟನ್ನು ಒಂದು ದಿಕ್ಕಿಗೆ ಬೀಸುತ್ತ ಅದರ ಮುಖವನ್ನು ಇನ್ನೊಂದು ದಿಕ್ಕಿಗೆ ಓರೆಯಾಗಿಟ್ಟು ಹೊಡೆದು ನೋಡಿದೆವು. ಚೆಂಡು ಪ್ರತಿ ಬಾರಿಯೂ ಮುಖ ನೋಡಿದ ಕಡೆಗೇ ಹೆಚ್ಚು ವಾಲಿ ಓಡಿತು. ಇದರಲ್ಲಿ ಪವಾಡವೇನೂ ಇಲ್ಲ. ಗಾಲ್ಫ್ ಚೆಂಡಿಗೆ ಕ್ಲಬ್ಬು ತಗುಲಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅರ್ಧಕ್ಕಿಂತಲೂ ಕಡಿಮೆ ಕಾಲ. ಅಷ್ಟರೊಳಗೆ ಮುಖ ತನಗೆ ಲಂಬವಾಗಿ ಚೆಂಡನ್ನು ಬಲವಾಗಿ ತಳ್ಳುತ್ತದೆ. ಬೀಸಿನ ದಿಕ್ಕಿಗೆ ಎಳೆಯುವುದಕ್ಕೆ ಇರುವುದು ಘರ್ಷಣೆಯೊಂದೇ, ಅದರ ಬಲ ಕಡಿಮೆ. ಹಾಗಾಗಿ ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ಮುಖ. ಮುಖಕ್ಕೂ ಬೀಸಿನ ದಾರಿಗೂ ಹೊಂದಾಣಿಕೆ ಇಲ್ಲದಿದ್ದರೆ ಚೆಂಡಿನ ಭ್ರಮಣಾಕ್ಷ ಓರೆಯಾಗಿ, ಅದು ಗಾಳಿಯಲ್ಲಿ ಬಾಗುತ್ತದೆ. ತಿರುಗುವ ಚೆಂಡನ್ನು ಗಾಳಿ ಎತ್ತುವ ಬಗೆಯನ್ನು ಎಡಿನ್‌ಬರೋದ ಭೌತವಿಜ್ಞಾನಿ ಪಿ. ಜಿ. ಟೇಟ್ 1890ರ ದಶಕದಲ್ಲಿಯೇ ವಿವರಿಸಿದ್ದರು. ಅವರ ಮಗ ಫ್ರೆಡ್ಡಿ ಹೆಸರಾಂತ ಗಾಲ್ಫ್ ಆಟಗಾರ. ಮನೆಯಲ್ಲಿಯೇ ಅಂಥ ಆಟಗಾರನಿದ್ದದ್ದು ಪ್ರಾಧ್ಯಾಪಕರ ಭಾಗ್ಯವೆನ್ನಬೇಕು.

"ನೀನು ಕಂಡದ್ದೇ ನಿಜ" ಎಂದು ಅವನಿಗೆ ಹೇಳಿದೆ. ಆಗ ನನ್ನ ಬಳಿ ಬ್ಯಾಟು, ಚೆಂಡು, ನ್ಯೂಟನ್ನನ ನಿಯಮಗಳ ಹೊರತು ಬೇರೆ ಸಾಕ್ಷಿ ಇರಲಿಲ್ಲ. ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ 1968ರಲ್ಲಿಯೇ ಇದನ್ನು ಗ್ರಂಥದಲ್ಲಿ ದಾಖಲಿಸಿದ್ದರೆಂದು ಬಹಳ ತಡವಾಗಿ ತಿಳಿಯಿತು. ಆದರೂ ತರಬೇತುದಾರರಲ್ಲಿ ಅನೇಕರು ಹಳೆಯ ಸೂತ್ರವನ್ನೇ ಒಪ್ಪಿಸುತ್ತ ಬಂದರು. 2000ದ ನಂತರ ರೇಡಾರ್ ಯಂತ್ರಗಳು ಬಂದು, ಹೊರಡುವ ದಿಕ್ಕಿನಲ್ಲಿ ಮುಕ್ಕಾಲು ಪಾಲಿನಷ್ಟು, ಉದ್ದನೆಯ ಡ್ರೈವರ್ ಕ್ಲಬ್ಬಿನಲ್ಲಿ ಇನ್ನೂ ಹೆಚ್ಚು, ಮುಖದ್ದೇ ಎಂದು ಅಳೆದು ತೋರಿಸಿದ ಮೇಲೆಯೇ ಅವರು ಮಣಿದದ್ದು. ಚೀಲ ಹೊರುವವನ ಕಣ್ಣನ್ನು ನಂಬದವರು ಯಂತ್ರದ ಕಣ್ಣನ್ನು ಕೂಡಲೆ ನಂಬಿದರು!

ಹಾಗಾದರೆ ಬೀಸಿನ ಸಮತಲಕ್ಕೆ ಬೆಲೆಯಿಲ್ಲವೇ? ಬಹಳ ಇದೆ. ಅಮೆರಿಕದ ಬೆನ್ ಹೋಗನ್ 1957ರ ತಮ್ಮ ಪುಸ್ತಕದಲ್ಲಿ ಅದಕ್ಕೊಂದು ಸೊಗಸಾದ ಉಪಮೆ ಕೊಟ್ಟರು: ಚೆಂಡಿನಿಂದ ಮೇಲೆದ್ದು ಆಟಗಾರನ ಹೆಗಲ ಮೇಲೆ ಒರಗಿರುವ ಒಂದು ಗಾಜಿನ ಹಲಗೆ, ಕುತ್ತಿಗೆಗೆ ಅದರಲ್ಲೊಂದು ತೂತು. ಕ್ಲಬ್ಬನ್ನು ಹಿಂದಕ್ಕೆ ಎತ್ತುವಾಗ ಕೈಗಳು ಆ ಗಾಜನ್ನು ಒಡೆದು ಮೇಲೆ ಬರಬಾರದು. ಕ್ಲಬ್ಬು ಉದ್ದವಾದಷ್ಟೂ ಈ ಹಲಗೆ ನೆಲದ ಕಡೆ ಬಾಗುತ್ತದೆ, ಗಿಡ್ಡವಾದಷ್ಟೂ ನೆಟ್ಟಗಾಗುತ್ತದೆ. ಸಮತಲ ಹದವಾಗಿದ್ದರೆ ಬೀಸು ಒಂದೇ ದಾರಿಯಲ್ಲಿ ಮರಳಿ ಬರುತ್ತದೆ. ಮುಖವನ್ನು ನೇರಮಾಡಲು ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಒದ್ದಾಡಬೇಕಾಗುವುದಿಲ್ಲ. ಬಲಗೈ ಆಟಗಾರ ಹೊರಗಿನಿಂದ ಒಳಕ್ಕೆ, ಎಂದರೆ ಎಡಕ್ಕೆ, ಬೀಸಿ, ಮುಖ ಆ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಇದೇ ಹೊಸಬರನ್ನು ಕಾಡುವ ಸ್ಲೈಸ್. ಬಲಕ್ಕೆ ಹೋಯಿತೆಂದು ಅವರು ಇನ್ನಷ್ಟು ಎಡಕ್ಕೆ ಬೀಸುತ್ತಾರೆ, ಅದು ಇನ್ನಷ್ಟು ಬಾಗುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಸಮತಲಕ್ಕೆ ಸಿಕ್ಕಷ್ಟು ಗಮನ ಮುಖಕ್ಕೆ ಸಿಗದಿರುವುದಕ್ಕೆ ಕಾರಣ ಸರಳ: ಸಮತಲವನ್ನು ಕರಿಹಲಗೆಯ ಮೇಲೆ ಬರೆಯಬಹುದು, ಆ ಕ್ಷಣದ ಮುಖವನ್ನು ಬರೆಯಲಾಗದು. ಬರೆಯಲು ಬಂದದ್ದನ್ನೇ ಹೆಚ್ಚು ಬೋಧಿಸುವುದು ನಮ್ಮ ವೃತ್ತಿಯ ಹಳೆಯ ಚಾಳಿ. ಆದರೆ ಚೆಂಡು ಒಂದು ಡಿಗ್ರಿ ತಪ್ಪಿ ಹೊರಟರೆ 200 ಮೀಟರ್ ದೂರದಲ್ಲಿ ಸುಮಾರು ಮೂರೂವರೆ ಮೀಟರ್ ಆಚೆ ಬೀಳುತ್ತದೆ. ಬಾಗುವಿಕೆಯ ಲೆಕ್ಕ ಬೇರೆ.

ಆ ಶಿಷ್ಯ ಈಗ ಊರಾಚೆಯ ಅಭ್ಯಾಸದ ಮೈದಾನವೊಂದರಲ್ಲಿ ಮಕ್ಕಳಿಗೆ ಕಲಿಸುತ್ತಾನೆ. ಮೊದಲ ವಾರ ಅವರ ಕೈಗೆ ಕ್ಲಬ್ಬನ್ನೇ ಕೊಡುವುದಿಲ್ಲವಂತೆ, ಕ್ರಿಕೆಟ್ ಬ್ಯಾಟು ಕೊಡುತ್ತಾನಂತೆ. ಕಳೆದ ತಿಂಗಳು ದೂರವಾಣಿಯಲ್ಲಿ, "ಸಾರ್, ಡ್ರೈವರ್‌ನ ತುದಿಗೆ ತಗುಲಿದ ಚೆಂಡು ನಮ್ಮ ಲೆಕ್ಕ ಮೀರಿ ಎಡಕ್ಕೆ ಬಾಗುತ್ತದಲ್ಲ, ಏಕೆ?" ಎಂದು ಕೇಳಿದ. ತುದಿಗೆ ಪೆಟ್ಟು ಬಿದ್ದಾಗ ಕ್ಲಬ್ಬಿನ ತಲೆ ಒಂದು ಕಡೆಗೆ ತಿರುಗುತ್ತದೆ. ಒಂದಕ್ಕೊಂದು ಕಚ್ಚಿಕೊಂಡ ಹಲ್ಲುಚಕ್ರಗಳಂತೆ ಚೆಂಡನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಇಷ್ಟು ಹೇಳಿದೆ. ಅದನ್ನು ಮಕ್ಕಳಿಗೆ ತೋರಿಸಲು ಹಳೆಯ ಗಡಿಯಾರದ ಎರಡು ಚಕ್ರ ಹುಡುಕುತ್ತೇನೆಂದು ಫೋನ್ ಇಟ್ಟ.