ವ್ರತವನ್ನು ಮರೆತವರ ಹಸಿವು

ಆರು ಬಗೆಯ ಆಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದೆಂದು ತತ್ವಾರ್ಥಸೂತ್ರವು ಹೇಳುತ್ತದೆ. ಪ್ರಾಯಶ್ಚಿತ್ತ, ವಿನಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳ ಸಾಲಿನಲ್ಲಿ ಇದೊಂದಕ್ಕೆ ಮಾತ್ರ ನೀರು, ಬಟ್ಟೆ, ಎಣ್ಣೆ ಮತ್ತು ಇನ್ನೊಬ್ಬರ ದಣಿದ ಶರೀರ ಬೇಕು. ಸೇವೆಗೆ ಪಾತ್ರರಾದ ಹತ್ತು ಬಗೆಯವರನ್ನು ಎಣಿಸುವಾಗ ಉಮಾಸ್ವಾಮಿಗಳು ಆಚಾರ್ಯ, ಉಪಾಧ್ಯಾಯರ ಜೊತೆಯಲ್ಲಿಯೇ ಗ್ಲಾನನನ್ನೂ, ಅಂದರೆ ರೋಗದಿಂದ ಕುಗ್ಗಿದವನನ್ನೂ ಸೇರಿಸಿದ್ದಾರೆ. ಆ ಮಾತು ಮುನಿಸಂಘಕ್ಕೆ ಸಂಬಂಧಿಸಿದ್ದು ನಿಜ. ಆದರೆ ಇಂದು ಗ್ಲಾನರು ಹೆಚ್ಚಾಗಿ ಇರುವುದು ಶ್ರಾವಕರ ಮನೆಗಳ ಹಿಂಬದಿಯ ಕೋಣೆಗಳಲ್ಲಿ. ಅವರ ವೈಯಾವೃತ್ತ್ಯ ನಡೆಯುತ್ತಿರುವುದು ಬಹುಮಟ್ಟಿಗೆ ಸಂಬಳಕ್ಕೆ ಬಂದ ಹೆಣ್ಣುಮಕ್ಕಳ ಕೈಯಿಂದ.

ಅಂಥ ಒಬ್ಬಾಕೆ ಬಲಸಮುದ್ರದವಳು. ಮಧುಗಿರಿ, ಶಿರಾ, ಪಾವಗಡಗಳ ಆ ಸೀಮೆಯಲ್ಲಿ ಮಳೆ ನಂಬಿ ಕಡಲೆಕಾಯಿ ಬಿತ್ತುವವರ ಪಾಡು ಎಲ್ಲರಿಗೂ ತಿಳಿದದ್ದೇ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್ ಹೆಚ್ಚುತ್ತದೆ. ವರ್ಷಗಟ್ಟಲೆ ಅದನ್ನು ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಬೆನ್ನು ಬಾಗುತ್ತದೆ, ಕೀಲುಗಳು ಬಿಗಿದುಕೊಳ್ಳುತ್ತವೆ. ಎಲುಬಿಗೆ ಇಳಿದ ಆ ರೋಗಕ್ಕೆ ಮದ್ದಿಲ್ಲ. ಆಕೆಯ ತಂದೆ ಹಾಗೆಯೇ ಬಾಗಿ ಹೋದವರು. ಕುತ್ತಿಗೆ ತಿರುಗಿಸಲಾಗದ ಮನುಷ್ಯನನ್ನು ಮಾತನಾಡಿಸಬೇಕಾದರೆ ಅವನ ಎದುರಿಗೇ ಬಂದು ಕೂರಬೇಕು, ಬೆನ್ನ ಹಿಂದಿನಿಂದ ಕೂಗಬಾರದು ಎಂಬ ಮೊದಲ ಪಾಠವನ್ನು ಆಕೆ ಕಲಿತದ್ದು ಅವರಿಂದ. ತಂದೆ ತೀರಿಕೊಂಡ ಮೇಲೆ, ಸಾಲದ ಒತ್ತಡದಿಂದ, ಏಜೆನ್ಸಿಯೊಂದರ ಮೂಲಕ ತುಮಕೂರಿಗೆ ಬಂದಳು. ಏಜೆನ್ಸಿಯವರು ಎರಡು ವಾರ ತರಬೇತಿ ಕೊಟ್ಟರು. ಮೊದಲ ತಿಂಗಳ ಸಂಬಳವನ್ನು ಇಟ್ಟುಕೊಂಡರು.

ಈ ಕೆಲಸದಲ್ಲಿ ಕಲಿಯುವುದೇನಿದೆ ಎನ್ನುವವರುಂಟು. ಲಕ್ವ ಹೊಡೆದವರಿಗೆ ಅಂಗಿ ತೊಡಿಸುವಾಗ ಸ್ವಾಧೀನ ತಪ್ಪಿದ ಕೈಯನ್ನು ಮೊದಲು ತೋಳಿಗೆ ಸೇರಿಸಬೇಕು, ಕಳಚುವಾಗ ಅದೇ ಕೈ ಕೊನೆಗೆ. ಆ ಕೈ ಹಿಡಿದು ಎಳೆದು ಎಬ್ಬಿಸಿದರೆ ಭುಜದ ಕೀಲು ಜಾರುತ್ತದೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯ ಮೇಲೆ ಚರ್ಮ ಕೆಂಪಾಗಿ, ಬಹುಬೇಗ ಹುಣ್ಣಾಗುತ್ತದೆ. ನುಂಗಲು ಕಷ್ಟಪಡುವವರಿಗೆ ತೆಳುವಾದ ನೀರಿಗಿಂತ ಮಂದವಾದ ಗಂಜಿ ಸುರಕ್ಷಿತ. ನೆಟ್ಟಗೆ ಕೂರಿಸಿ, ಗಲ್ಲ ತುಸು ತಗ್ಗಿಸಿ, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು ತುತ್ತು. ಇವೆಲ್ಲ ಅಹಿಂಸೆಯ ವಿವರಗಳೇ. ಅವಸರದ ಒಂದು ಚಮಚೆ ಗಂಜಿ ಶ್ವಾಸನಾಳಕ್ಕೆ ಇಳಿದರೆ ಆಗುವ ಹಾನಿ ಸಿಟ್ಟಿನ ಏಟಿಗಿಂತ ಹಗುರವಾದುದಲ್ಲ.

ನಿರ್ವಿಚಿಕಿತ್ಸಾ ಗುಣಕ್ಕೆ ಉದ್ದಾಯನ ರಾಜನ ಕಥೆಯನ್ನು ಉದಾಹರಿಸುವುದು ರೂಢಿ. ಕುಷ್ಠರೋಗಿಯಾದ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನೆಲ್ಲ ಕಾರಿದಾಗ ಆ ದೊರೆ ತನ್ನ ಕೈಯಿಂದಲೇ ತೊಳೆದನು. ಕಥೆ ದೊಡ್ಡದು, ಆದರೆ ಅದು ಒಂದು ದಿನದ ಪರೀಕ್ಷೆ, ಕೊನೆಯಲ್ಲಿ ದೇವನು ನಿಜರೂಪ ತೋರುತ್ತಾನೆ. ಆರೈಕೆಗೆ ನಿಂತ ಹೆಣ್ಣುಮಗಳಿಗೆ ಪ್ರತಿದಿನ ಬೆಳಗ್ಗೆ ಅದೇ ಬಟ್ಟೆ, ಅದೇ ವಾಸನೆ. ಯಾವ ದೇವನೂ ವೇಷ ಕಳಚುವುದಿಲ್ಲ. ಹೇಸಿಗೆ ಆಗುವುದೇ ಇಲ್ಲ ಎಂದು ಆಕೆ ಎಂದೂ ಹೇಳಿಲ್ಲ. ಆಗುತ್ತದೆ, ಆದರೆ ಅದು ಮುಖಕ್ಕೆ ಬಾರದಂತೆ ನೋಡಿಕೊಳ್ಳಬೇಕು, ಅವರು ಮುಖವನ್ನೇ ನೋಡುತ್ತಿರುತ್ತಾರೆ ಎನ್ನುತ್ತಾಳೆ.

ತುಮಕೂರಿನ ಆ ಮನೆ ದಿಗಂಬರ ಜೈನರದು. ಆಕೆ ನೋಡಿಕೊಳ್ಳಬೇಕಾದವರು ಎಂಬತ್ತು ದಾಟಿದ ಅಜ್ಜಿ; ಮರೆವಿನ ರೋಗ ಬಂದು ನಾಲ್ಕು ವರ್ಷಗಳಾಗಿದ್ದವು. ಜರ್ಮನಿಯ ವೈದ್ಯ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದ ರೋಗವೂ ಅದೇ ಬಗೆಯ ಇತರ ಕಾಯಿಲೆಗಳೂ ಸೇರಿ ನಮ್ಮ ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನರನ್ನು ಬಾಧಿಸುತ್ತಿವೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ತಡವಾಗಿ. ಅಜ್ಜಿಗೆ ಬಾಲ್ಯದಲ್ಲಿ ಕಲಿತ ಸ್ತೋತ್ರಗಳು ಬಾಯಿಗೆ ಬರುತ್ತಿದ್ದವು; ಅರ್ಧ ಗಂಟೆಯ ಹಿಂದೆ ಉಂಡದ್ದು ನೆನಪಿರುತ್ತಿರಲಿಲ್ಲ.

ಮದುವೆಯಾದಾಗಿನಿಂದ ಅವರು ಸೂರ್ಯಾಸ್ತದ ಅನಂತರ ನೀರನ್ನೂ ಮುಟ್ಟಿದವರಲ್ಲ. ಗ್ರಹಣ ಹಿಡಿದಂತೆ ಈಗ ಸಂಜೆಯಾದೊಡನೆ ಕಳವಳ ಆರಂಭವಾಗುತ್ತಿತ್ತು. ಏಳು, ಏಳೂವರೆಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ನಂದು ಊಟ ಆಯ್ತೇನೇ?" ಎಂದು ಕೇಳುವರು. ಕೆಲವು ದಿನ ತಟ್ಟೆಯನ್ನೇ ಹಿಡಿದುಕೊಂಡು ಬರುವರು.

ಮನೆಯವರಲ್ಲಿ ಎರಡು ಅಭಿಪ್ರಾಯಗಳಿದ್ದವು. ಹಸಿದ ತಾಯಿಗೆ ಕೊಡದೆ ಇರುವುದು ಹೇಗೆ ಎಂಬುದು ಮಗನ ಮಾತು. ಪರವೂರಿನಲ್ಲಿದ್ದ ಮಗಳ ಮಾತು ಬೇರೆ: "ಅಮ್ಮ ಜ್ಞಾನದಲ್ಲಿದ್ದಿದ್ದರೆ ಸತ್ತರೂ ಮುಟ್ಟುತ್ತಿರಲಿಲ್ಲ. ಆರವತ್ತು ವರ್ಷ ಕಾಪಾಡಿಕೊಂಡದ್ದನ್ನು ಅವರಿಗೆ ತಿಳಿಯದ ಹೊತ್ತಿನಲ್ಲಿ ನಾವು ಮುರಿಯುವುದು ಮೋಸವಲ್ಲವೆ?" ಇಬ್ಬರ ಮಾತಿನಲ್ಲಿಯೂ ಪ್ರೀತಿಯಿತ್ತು. ಆದರೆ ಏಳೂವರೆಗೆ ಬಾಗಿಲಲ್ಲಿ ನಿಂತ ಅಜ್ಜಿಗೆ ಉತ್ತರ ಕೊಡಬೇಕಾದವಳು ಬಲಸಮುದ್ರದ ಹೆಣ್ಣುಮಗಳು. ಆಕೆಯನ್ನು ಯಾರೂ ಕೇಳಿರಲಿಲ್ಲ.

ಮಗಳ ವಾದವನ್ನು ಮೂಢವೆಂದು ತಳ್ಳಿಹಾಕುವುದು ಸರಿಯಲ್ಲ. ಬುದ್ಧಿ ಸ್ವಸ್ಥವಾಗಿದ್ದಾಗ ಆಡಿದ ಮಾತಿಗೆ ಅನಂತರವೂ ಬೆಲೆಯುಂಟೆಂದು ದೇಶದ ಕಾನೂನೇ ಒಪ್ಪಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದಂತೆ, ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂಬುದನ್ನು ಮೊದಲೇ ಬರೆದಿಡಬಹುದು. ವ್ರತವೂ ಒಂದು ಅರ್ಥದಲ್ಲಿ ಹಾಗೆ ಬರೆದಿಟ್ಟ ಮಾತು. ನೆನಪು ಅಳಿದವರಲ್ಲಿ ಉಳಿದ ವ್ಯಕ್ತಿತ್ವವೆಂದರೆ ಅಂಥ ನಡವಳಿಕೆಗಳೇ ಅಲ್ಲವೆ?

ಆದರೂ ವ್ರತವೆಂಬುದು ವಿರತಿ. ತಿಳಿದು, ಸಂಕಲ್ಪಿಸಿ, ತಾನಾಗಿ ದೂರ ಸರಿಯುವುದು. ರಾತ್ರಿಭೋಜನದ ತ್ಯಾಗಕ್ಕೆ ಅಮೃತಚಂದ್ರರಂಥ ಆಚಾರ್ಯರು ಕೊಟ್ಟ ಕಾರಣವೂ ಹಿಂಸೆಯನ್ನು ತಪ್ಪಿಸುವುದೇ. ಬಿಟ್ಟವನ ಅರಿವು ಇಲ್ಲದಲ್ಲಿ, ಇನ್ನೊಬ್ಬನು ತಟ್ಟೆಯನ್ನು ಕಿತ್ತುಕೊಂಡರೆ ಅದು ತ್ಯಾಗವೆನಿಸದು, ನಿರಾಕರಣೆಯೆನಿಸುತ್ತದೆ. ಈ ವಿಷಯದಲ್ಲಿ ಜೈನಸಮಾಜವು ಬಹಿರಂಗವಾಗಿ ಒಂದು ನಿಲುವನ್ನು ತಳೆದೂ ಆಗಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಅಪರಾಧವೆಂದು ಪರಿಗಣಿಸಿದಾಗ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡುವವರೆಗೆ, ಊರೂರಿನಲ್ಲಿ ಮೆರವಣಿಗೆಗಳು ನಡೆದವು. ಆಗ ಮುಂದಿಟ್ಟ ಮುಖ್ಯ ಸಮರ್ಥನೆಯೇ ಇದು: ಸಲ್ಲೇಖನವು ಪೂರ್ಣ ಎಚ್ಚರದಲ್ಲಿ, ಯಾರ ಬಲವಂತವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಕೈಗೊಳ್ಳುವ ವ್ರತ. ಆಹಾರತ್ಯಾಗಕ್ಕೆ ಎಚ್ಚರವೇ ಪ್ರಾಣವೆಂದು ನ್ಯಾಯಾಲಯದ ಮುಂದೆ ಹೇಳಿದವರು, ಎಚ್ಚರ ಅಳಿದ ಮುದುಕಿಯ ತಟ್ಟೆಯ ಮುಂದೆ ಬೇರೆ ಮಾತು ಹೇಳಲಾಗದು.

ಶಾಸ್ತ್ರವನ್ನು ಓದದ ಆ ಹೆಣ್ಣುಮಗಳು ಮಾಡಿದ್ದು ಬೇರೆ ರೀತಿಯ ವಿಚಾರಣೆ. ಅಜ್ಜಿ ಕೇಳುವುದೆಲ್ಲ ಹಸಿವೆಯೇ ಎಂಬುದನ್ನು ಮೊದಲು ಕಂಡುಕೊಳ್ಳಬೇಕೆಂದು ಆಕೆಗೆ ತೋರಿತು. ಎರಡು ವಾರ ಗಮನಿಸಿದಳು. ಹಸಿವಾದ ದಿನ ಅಜ್ಜಿಯ ಕಣ್ಣು ಒಲೆಯ ಕಡೆಗೆ ಇರುತ್ತಿತ್ತು. ಬೇರೆ ದಿನಗಳಲ್ಲಿ ಬೀದಿಯ ಬಾಗಿಲ ಕಡೆಗೆ, ಸೆರಗಿನ ಅಂಚನ್ನು ಹಿಂಜುತ್ತಾ. ಆ ದಿನಗಳಲ್ಲಿ ಊಟದ ಮಾತು ಒಂದು ನೆಪ. ಕತ್ತಲಾಗುತ್ತಿದೆ, ಮನೆಯವರು ಯಾರೂ ಬಂದಿಲ್ಲ, ತಾನು ಎಲ್ಲಿದ್ದೇನೆಂದು ತಿಳಿಯದು ಎಂಬ ಭಯಕ್ಕೆ ಬೇರೆ ಮಾತು ಸಿಗದೆ ಊಟದ ಮಾತು ಬರುತ್ತಿತ್ತು. ಮರೆವಿನ ರೋಗದವರಲ್ಲಿ ಸಂಜೆಯ ಈ ತಳಮಳ ಸಾಮಾನ್ಯವೆಂದು ವೈದ್ಯರೂ ಬಲ್ಲರು.

ಆಕೆ ಸಂಜೆ ನಾಲ್ಕೂವರೆಗೇ ದೀಪಗಳನ್ನೆಲ್ಲ ಹಾಕಿ ಪರದೆ ಎಳೆಯತೊಡಗಿದಳು. ಹಗಲು ಕಳೆದು ಇರುಳಾಗುವ ಹೊತ್ತು ಅಜ್ಜಿಯ ಕಣ್ಣಿಗೆ ಬೀಳದೆ ಹೋಯಿತು. ಇದು ಸತ್ಯವ್ರತಕ್ಕೆ ಭಂಗವೇ ಎಂದು ಚರ್ಚಿಸುವವರು ಚರ್ಚಿಸಬಹುದು. ಆಕೆಯಂತೂ ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ. ಹೊತ್ತು ಮುಳುಗುವ ಮುನ್ನ ಐದೂವರೆಗೆ ರಾಗಿ ಗಂಜಿಯೋ ಮೆತ್ತಗಿನ ಅನ್ನವೋ ಹೊಟ್ಟೆ ತುಂಬ ಆಗುವಂತೆ ಊಟದ ಹೊತ್ತನ್ನು ಹಿಂದಕ್ಕೆ ತಂದಳು. ರಾತ್ರಿಯ ಮಾತ್ರೆಯನ್ನು ಆ ಊಟದೊಡನೆಯೇ ಕೊಡಬಹುದೇ ಎಂದು ವೈದ್ಯರನ್ನು ಕೇಳುವಂತೆ ಮಗನಿಗೆ ಹೇಳಿದಳು, ವೈದ್ಯರು ಒಪ್ಪಿದರು. ಅಷ್ಟಾದ ಮೇಲೆಯೂ ಅಜ್ಜಿ ಬಾಗಿಲಿಗೆ ಬಂದರೆ, "ಊಟ ಆಗಿದೆ ಅಜ್ಜಿ. ಇನ್ನೂ ಹೊಟ್ಟೆ ಹಸೀತಾ ಇದೆಯಾ?" ಎಂದು ಕೇಳುವಳು. ಮೊದಲಿದ್ದಾಕೆ "ಈಗ ತಾನೇ ಉಂಡ್ರಲ್ಲ" ಎಂದು ಗದರುತ್ತಿದ್ದಳಂತೆ. ಎರಡೂ ಉತ್ತರಗಳಲ್ಲಿ ಇರುವ ಸಂಗತಿ ಒಂದೇ. ಒಂದರಲ್ಲಿ ಮಾತ್ರ ಅಜ್ಜಿಗೆ ಹೇಳಲು ಏನೋ ಉಳಿಯುತ್ತದೆ.

ಬಹುತೇಕ ಸಂಜೆಗಳಲ್ಲಿ ಕೈ ಹಿಡಿದು ಕುಳಿತು ಸ್ತೋತ್ರ ಹೇಳಿಸಿದರೆ ಸಾಕಾಗುತ್ತಿತ್ತು. ಅಜ್ಜಿ ಆಕೆಯನ್ನು ತನ್ನ ತಂಗಿಯೆಂದು ತಿಳಿದು, ಉಚ್ಚಾರ ತಿದ್ದುತ್ತಿದ್ದರು. ನಿಜವಾಗಿ ಹಸಿದ ರಾತ್ರಿಗಳಲ್ಲಿ ಬಿಸಿ ಹಾಲು, ಬಾಯಾರಿದಾಗ ಗಾಳಿಸಿದ ನೀರು ಕೊಡಬೇಕೆಂದು ಮಗ ತೀರ್ಮಾನಿಸಿದರು. ನೀರನ್ನು ತಡೆದರೆ ಮೂತ್ರದ ಸೋಂಕು ತಗಲಿ ವೃದ್ಧರ ಗೊಂದಲ ಇನ್ನಷ್ಟು ಹೆಚ್ಚುತ್ತದೆಂಬುದನ್ನು ವೈದ್ಯರು ತಿಳಿಸಿದ್ದರು. ಕೊಡುವ ಹೊಣೆ ತಮ್ಮದು, ಆಕೆಯದಲ್ಲವೆಂದು ಒಂದು ನೋಟುಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಸಣ್ಣ ಸಂಗತಿಯಂತೆ ಕಾಣಬಹುದು. ನಾಳೆ ಮನೆಮಗಳು ಬಂದು "ನಮ್ಮಮ್ಮನ ವ್ರತ ಕೆಡಿಸಿದವಳು" ಎಂದರೆ ಕೆಲಸ ಕಳೆದುಕೊಳ್ಳಬೇಕಾದವಳಿಗೆ ಅದು ಸಣ್ಣದಲ್ಲ.

ಇಂಥವರನ್ನು ಪುಣ್ಯವಂತೆ, ದೇವತೆ ಎಂದು ಹೊಗಳುವುದು ಸುಲಭ, ಹೊಗಳಿಕೆಗೆ ಖರ್ಚಿಲ್ಲ. ಕರ್ನಾಟಕವು 2004ರಲ್ಲಿಯೇ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ಆದರೂ ಹಗಲು ರಾತ್ರಿ ಮನೆಯಲ್ಲೇ ಇರುವ ಆರೈಕೆಯವಳ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಎಷ್ಟು ಮನೆಗಳಲ್ಲಿ ಮಾತಾಗುತ್ತದೆ? ರಾತ್ರಿ ನಾಲ್ಕು ಸಲ ಎದ್ದವಳ ಕೈ ಬೆಳಗ್ಗೆ ಒರಟಾಗುತ್ತದೆ. ಆ ಒರಟುತನದಲ್ಲಿ ನಿದ್ದೆಗೆಡಿಸಿದ ಮನೆಯವರ ಪಾಲೂ ಇದೆ. ಈ ಮನೆಯಲ್ಲಿಯೂ ಅದು ತಾನಾಗಿ ಆಗಲಿಲ್ಲ. ತಿಂಗಳಿಗೆ ಮೂರು ದಿನ ಬಲಸಮುದ್ರಕ್ಕೆ ಹೋಗಿಬರಬೇಕು, ವಾರದಲ್ಲಿ ಎರಡು ರಾತ್ರಿ ಬೇರೆ ಯಾರಾದರೂ ಅಜ್ಜಿಯ ಕೋಣೆಯಲ್ಲಿ ಮಲಗಬೇಕು ಎಂದು ಆಕೆಯೇ ಕೇಳಿದಳು. ಎರಡನೆಯದಕ್ಕೆ ಮನೆಯವರು ಒಪ್ಪಲು ಎರಡು ತಿಂಗಳು ಹಿಡಿಯಿತು. ಈಗ ಆ ಎರಡು ರಾತ್ರಿ ಮಗನೇ ಮಲಗುತ್ತಾರೆ.

ಮಗಳು ಇನ್ನೂ ಒಪ್ಪಿಲ್ಲ. ಬಂದಾಗಲೆಲ್ಲ ತಾವೇ ತಾಯಿಯ ಬಳಿ ಕೂರುತ್ತಾರೆ, ರಾತ್ರಿ ಏನನ್ನೂ ಕೊಡುವುದಿಲ್ಲ. ಬಲಸಮುದ್ರದವಳು ವಾದಿಸುವುದಿಲ್ಲ, ಆ ದಿನಗಳಲ್ಲಿ ಐದೂವರೆಯ ಊಟಕ್ಕೆ ಇನ್ನೊಂದಿಷ್ಟು ತುಪ್ಪ ಹಾಕುತ್ತಾಳೆ. ಕಳೆದ ಸಲ ಬಂದಾಗ ಮಗಳು ನೋಟುಪುಸ್ತಕವನ್ನು ಕೇಳಿ ತೆಗೆದುಕೊಂಡು, ಎಷ್ಟು ರಾತ್ರಿಗಳಲ್ಲಿ ಹಾಲು, ಎಷ್ಟು ರಾತ್ರಿಗಳಲ್ಲಿ ಬರಿಯ ಸ್ತೋತ್ರ ಎಂಬುದನ್ನು ಕುಳಿತು ಎಣಿಸಿದರು.